ಕೆಟ್ಟ ಟ್ಯೂಬ್‌ಲೈಟ್, ಸಿಎಫ್‌ಎಲ್: ಒಡೆಯದಂತೆ ಇಳಿಸುವುದು, ಕಟ್ಟಿಡುವುದು, ಒಪ್ಪಿಸುವುದು

ಟ್ಯೂಬ್‌ಲೈಟ್ ಕೆಟ್ಟರೂ ಅದರೊಳಗಿನ ಪಾದರಸ ಎಲ್ಲೂ ಹೋಗಿರುವುದಿಲ್ಲ. ತುದಿಯಲ್ಲಿರುವ ಟಂಗ್‌ಸ್ಟನ್ ಸುರುಳಿಯ ಮೇಲಿನ ಲೇಪ ಸವೆದಿರುತ್ತದೆ, ಇಲ್ಲವೇ ಸಿಎಫ್‌ಎಲ್ ಬುಡದಲ್ಲಿರುವ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಸುಟ್ಟಿರುತ್ತದೆ, ಅಷ್ಟೇ. ಪಾದರಸ ಗಾಜಿನೊಳಗೇ ಇರುತ್ತದೆ. ಗಾಜು ಇಡಿಯಾಗಿರುವ ತನಕ ಅದರಿಂದ ಯಾರಿಗೂ ಅಪಾಯವಿಲ್ಲ. ಹಾಗಾಗಿ ಇಲ್ಲಿ ಮಾಡಬೇಕಾದ ಕೆಲಸ ಒಂದೇ: ಹೋಲ್ಡರಿನಿಂದ ಇಳಿಸಿದ ದೀಪ ಮರುಬಳಕೆ ಮಾಡುವವರ ಕೈ ಸೇರುವವರೆಗೂ ಒಡೆಯದಂತೆ ನೋಡಿಕೊಳ್ಳುವುದು.

ಕಸದ ಬುಟ್ಟಿಗೆ ಹಾಕಿದರೆ ಅದು ಆಗದ ಮಾತು. ಬುಟ್ಟಿಯಲ್ಲಿ ಒಡೆಯದಿದ್ದರೆ ಗಾಡಿಯಲ್ಲಿ ಒಡೆಯುತ್ತದೆ, ಗಾಡಿಯಲ್ಲಿ ಉಳಿದದ್ದು ಕಸದ ರಾಶಿಯಲ್ಲಿ ಒಡೆಯುತ್ತದೆ. ಒಡೆದ ಗಳಿಗೆಯಲ್ಲಿ ಅದರ ಪಕ್ಕದಲ್ಲಿ ನಿಂತಿರುವವರು ಕಸ ಎತ್ತುವವರು ಮತ್ತು ಬರಿಗೈಯಲ್ಲಿ ಅದನ್ನು ಬೇರ್ಪಡಿಸುವವರು. ನಮ್ಮ ಮನೆಯ ಪಾದರಸವನ್ನು ಅವರು ಉಸಿರಾಡಬಾರದು. ಮುಂದೆ ಹೇಳುವ ಎಲ್ಲ ತಾಪತ್ರಯಕ್ಕೂ ಇದೇ ಮೊದಲ ಕಾರಣ.

ಒಳಗಿರುವುದು ಏನು, ಎಷ್ಟು

ಟ್ಯೂಬಿನೊಳಗೆ ಆರ್ಗಾನ್‌ನಂಥ ಅನಿಲ ತೀರಾ ಕಡಿಮೆ ಒತ್ತಡದಲ್ಲಿರುತ್ತದೆ, ಹೊರಗಿನ ಗಾಳಿಯ ಒತ್ತಡದ ಶೇ 1ರಷ್ಟೂ ಇರುವುದಿಲ್ಲ. ಜೊತೆಗೆ ಸಾಸಿವೆ ಕಾಳಿಗಿಂತಲೂ ಚಿಕ್ಕ ಪಾದರಸದ ಹನಿ. ವಿದ್ಯುತ್ ಹರಿದಾಗ ಪಾದರಸದ ಆವಿ 253.7 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ ಸೂಸುತ್ತದೆ. ಗಾಜಿನ ಒಳಮೈಗೆ ಬಳಿದಿರುವ ಬಿಳಿ ಫಾಸ್ಫರ್ ಪುಡಿ ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ. ಪಾದರಸವಿಲ್ಲದೆ ಈ ದೀಪ ಕೆಲಸ ಮಾಡುವುದಿಲ್ಲ. ‘ಕಡಿಮೆ ಪಾದರಸ’ ಎಂದು ಬರೆದಿದ್ದರೂ ಅದರಲ್ಲಿ ಪಾದರಸ ಇದೆ ಎಂದೇ ತಿಳಿಯಬೇಕು.

ಪ್ರಮಾಣ ದೀಪದಿಂದ ದೀಪಕ್ಕೆ ಬೇರೆ. ಈಚಿನ ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೆ. ತೆಳು ಟ್ಯೂಬಿನಲ್ಲೂ ಕೆಲವೇ ಮಿಲಿಗ್ರಾಂ. ಹಳೆಯ ದಪ್ಪ ಟ್ಯೂಬಿನಲ್ಲಿ ಅದರ ಹಲವು ಪಟ್ಟು ಇರಬಹುದು, 40 ಮಿಲಿಗ್ರಾಂ ಇದ್ದದ್ದೂ ಉಂಟು. ಹಳೆಯ ಗಾಜಿನ ಜ್ವರಮಾಪಕದಲ್ಲಿ ಸುಮಾರು 500 ಮಿಲಿಗ್ರಾಂ ಇರುತ್ತಿತ್ತು; ಅದಕ್ಕೆ ಹೋಲಿಸಿದರೆ ಒಂದು ಬಲ್ಬಿನದು ಅಲ್ಪ. ಆದ್ದರಿಂದ ಒಂದು ಬಲ್ಬ್ ಒಡೆದರೆ ಕಂಗಾಲಾಗುವ ಅಗತ್ಯವಿಲ್ಲ. ಆದರೆ ಪಾದರಸ ಕೊಳೆಯುವುದಿಲ್ಲ, ಉರಿದು ಬೂದಿಯಾಗುವುದೂ ಇಲ್ಲ. ಮಣ್ಣು, ನೀರು ಸೇರಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಮರ್ಕ್ಯುರಿ ಎಂಬ ಇನ್ನೂ ಕೆಟ್ಟ ರೂಪಕ್ಕೆ ಬದಲಿಸುತ್ತವೆ. ಅದು ಮೀನಿನ ಮೈಯಲ್ಲಿ ಸಂಗ್ರಹವಾಗಿ ಮನುಷ್ಯರ ಊಟಕ್ಕೆ ಮರಳುತ್ತದೆ. ಸಾವಿರಾರು ಮನೆಗಳ ಬಲ್ಬುಗಳು ಒಂದೇ ಕಸದ ರಾಶಿಗೆ ಬಂದು ಬಿದ್ದಾಗ ‘ಅಲ್ಪ’ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಯಾವ ದೀಪಕ್ಕೆ ಈ ಜಾಗ್ರತೆ ಬೇಕು

ಉದ್ದನೆಯ ಮತ್ತು ದುಂಡನೆಯ ಟ್ಯೂಬ್‌ಲೈಟ್, ಸುರುಳಿ ಅಥವಾ ಕಡ್ಡಿಗಳಂತೆ ಬಾಗಿದ ಸಿಎಫ್‌ಎಲ್, ನೀರು ಶುದ್ಧೀಕರಣ ಯಂತ್ರದ ಯುವಿ ದೀಪ, ಅಂಗಳ ಅಥವಾ ಗೋದಾಮಿಗೆ ಹಾಕುವ ಮರ್ಕ್ಯುರಿ ವೇಪರ್, ಮೆಟಲ್ ಹ್ಯಾಲೈಡ್ ದೀಪಗಳು: ಇವೆಲ್ಲದರಲ್ಲೂ ಪಾದರಸ ಇದೆ. ಎಲ್‌ಇಡಿ ಬರುವ ಮೊದಲಿನ ಚಪ್ಪಟೆ ಪರದೆಯ ಟಿವಿ ಮತ್ತು ಮಾನಿಟರ್‌ಗಳ ಒಳಗೂ ಪೆನ್ಸಿಲಿಗಿಂತ ತೆಳುವಾದ ಫ್ಲೋರೆಸೆಂಟ್ ಕೊಳವೆಗಳಿರುತ್ತವೆ. ಅಂಥದ್ದನ್ನು ಬಿಚ್ಚಲು ಹೋಗಬೇಡಿ, ಇಡಿಯಾಗಿಯೇ ಇ-ತ್ಯಾಜ್ಯಕ್ಕೆ ಕೊಡಿ.

ಹಳೆಯ ಹಳದಿ ಬೆಳಕಿನ ತಂತಿ ಬಲ್ಬು, ಹ್ಯಾಲೊಜೆನ್, ಎಲ್‌ಇಡಿ ಇವುಗಳಲ್ಲಿ ಪಾದರಸ ಇಲ್ಲ. ಎಲ್‌ಇಡಿ ಮಾತ್ರ ಎಲೆಕ್ಟ್ರಾನಿಕ್ ವಸ್ತುವಾದ್ದರಿಂದ ಇ-ತ್ಯಾಜ್ಯಕ್ಕೇ ಹೋಗಬೇಕು, ಆದರೆ ಅದು ಒಡೆದರೆ ಗಾಜಿನ ಚೂರಿನ ಭಯ ಬಿಟ್ಟು ಬೇರೆ ಭಯವಿಲ್ಲ.

ಎಲ್‌ಇಡಿ ಟ್ಯೂಬೋ ಫ್ಲೋರೆಸೆಂಟ್ ಟ್ಯೂಬೋ ಎಂಬ ಗೊಂದಲ ಈಗೀಗ ಹೆಚ್ಚು, ಎರಡೂ ನೋಡಲು ಒಂದೇ ಥರ. ತುದಿಯ ಹತ್ತಿರ ಗಾಜಿನ ಮೇಲೆ ಅಚ್ಚು ಹಾಕಿರುವುದನ್ನು ಓದಿ. ಪಾದರಸದ ರಾಸಾಯನಿಕ ಚಿಹ್ನೆ ‘ಎಚ್‌ಜಿ’ ಇದ್ದರೆ, ಅಥವಾ ನಾಲ್ಕಡಿ ಟ್ಯೂಬಿಗೆ 40, 36, 28 ವ್ಯಾಟ್ ಎಂದಿದ್ದರೆ ಅದು ಬಹುಮಟ್ಟಿಗೆ ಫ್ಲೋರೆಸೆಂಟ್. ಅದೇ ಉದ್ದದ ಎಲ್‌ಇಡಿ ಸಾಮಾನ್ಯವಾಗಿ 16ರಿಂದ 22 ವ್ಯಾಟ್. ಎಲ್‌ಇಡಿ ಟ್ಯೂಬಿನ ಬೆನ್ನಿಗೆ ಉದ್ದಕ್ಕೂ ಲೋಹದ ಅಥವಾ ಮಸುಕಾದ ಪಟ್ಟಿ ಇರುತ್ತದೆ, ಬೆಳಕು ಒಂದೇ ಕಡೆಗೆ ಬೀಳುತ್ತದೆ. ಅನುಮಾನ ಉಳಿದರೆ ಪಾದರಸ ಇದೆ ಎಂದೇ ಲೆಕ್ಕ ಹಾಕಿ.

ನಿಜಕ್ಕೂ ಕೆಟ್ಟಿದೆಯೇ?

ಚೋಕ್ ಮತ್ತು ಸ್ಟಾರ್ಟರ್ ಇರುವ ಪಟ್ಟಿಯಲ್ಲಿ (ಟ್ಯೂಬ್ ಕೂರಿಸುವ ಚೌಕಟ್ಟಿನಲ್ಲಿ) ಎಷ್ಟೋ ಸಲ ತಪ್ಪು ಸ್ಟಾರ್ಟರಿನದು, ಶಿಕ್ಷೆ ಟ್ಯೂಬಿಗೆ. ಚೆನ್ನಾಗಿರುವ ಟ್ಯೂಬನ್ನು ಕಸ ಮಾಡುವುದಕ್ಕಿಂತ ಮೊದಲು ಎರಡು ನಿಮಿಷ ನೋಡಿ.

ಎರಡೂ ತುದಿ ಕೆಂಪಗೆ ಉರಿಯುತ್ತಲೇ ಇದ್ದು ನಡುವೆ ಬೆಳಕು ಹತ್ತದಿದ್ದರೆ ಸ್ಟಾರ್ಟರಿನ ಒಳಪಟ್ಟಿಗಳು ಅಂಟಿಕೊಂಡಿವೆ. ಆಗ ಸ್ಟಾರ್ಟರ್ ಬದಲಿಸಿದರೆ ಸಾಕು. ಮಿಣಕ್ ಮಿಣಕ್ ಎನ್ನುತ್ತಲೇ ಇದ್ದು ನಿಲ್ಲದಿದ್ದರೆ ಟ್ಯೂಬಿನ ಆಯಸ್ಸು ಮುಗಿದಿರುವುದು ಹೆಚ್ಚು ಸಂಭವ. ಆಗ ತುದಿಗಳಲ್ಲಿ ಎರಡು ಮೂರು ಅಂಗುಲದಷ್ಟು ಅಗಲಕ್ಕೆ ದಟ್ಟ ಕಪ್ಪು ಪಟ್ಟಿಯೂ ಕಾಣುತ್ತದೆ. ಸುರುಳಿಯ ಲೇಪ ಆವಿಯಾಗಿ ಗಾಜಿಗೆ ಅಂಟಿದ ಕಪ್ಪು ಅದು. ತುಸು ಕಂದು ಛಾಯೆ ಮಾತ್ರ ಇದ್ದರೆ ಅದು ಬಳಕೆಯ ಗುರುತು, ಸಾವಿನದಲ್ಲ. ಏನೂ ಆಗದೆ ಸುಮ್ಮನಿದ್ದರೆ ಟ್ಯೂಬನ್ನು ಉರಿಯುತ್ತಿರುವ ಇನ್ನೊಂದು ಪಟ್ಟಿಗೆ ಹಾಕಿ ನೋಡಿ. ಮಲ್ಟಿಮೀಟರ್ ಇದ್ದರೆ ಒಂದೇ ತುದಿಯ ಎರಡು ಪಿನ್ನುಗಳ ನಡುವೆ ಅಳೆಯಿರಿ. ಕೆಲವು ಓಮ್ ತೋರಿಸಿದರೆ ಸುರುಳಿ ಸರಿಯಿದೆ, ಏನೂ ತೋರದಿದ್ದರೆ ತುಂಡಾಗಿದೆ. ಎರಡೂ ತುದಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಕೆಟ್ಟ ಟ್ಯೂಬನ್ನು ಮಿನುಗುತ್ತಲೇ ಬಿಡಬೇಡಿ. ಸ್ಟಾರ್ಟರ್ ಹಾಳಾಗುತ್ತದೆ, ಚೋಕ್ ಕಾಯುತ್ತದೆ, ತುದಿಯ ಗಾಜು ಬಿಸಿಯಾಗಿ ಬಿರುಕು ಬಿಡುವುದೂ ಇದೆ. ಬದಲಿಸಲು ಪುರುಸೊತ್ತಿಲ್ಲದಿದ್ದರೆ ಸ್ವಿಚ್ ಆರಿಸಿಡಿ.

ಇಳಿಸುವುದು

ಮನೆಯಲ್ಲಿ ಬಲ್ಬ್ ಒಡೆಯುವುದು ಹೆಚ್ಚಾಗಿ ಇಳಿಸುವಾಗ, ಇಲ್ಲವೇ ಇಳಿಸಿದ ಮೇಲೆ ‘ಆಮೇಲೆ ನೋಡೋಣ’ ಎಂದು ಗೋಡೆಗೆ ಒರಗಿಸಿದಾಗ. ಎರಡಕ್ಕೂ ಮೊದಲೇ ಸಿದ್ಧತೆ ಇರಲಿ: ಹಳೆಯ ದೀಪವನ್ನು ತುಂಬುವ ರಟ್ಟಿನ ಪೆಟ್ಟಿಗೆಯನ್ನು ಕೆಳಗೆ ತೆರೆದಿಟ್ಟೇ ಏಣಿ ಹತ್ತಿ. ಹೊಸ ಟ್ಯೂಬ್ ಬಂದ ರಟ್ಟಿನ ಕೊಳವೆಯೇ ಹಳೆಯದಕ್ಕೆ ಸರಿಯಾದ ಮನೆ.

1. ಸ್ವಿಚ್ ಆರಿಸಿ, ಆ ಕೋಣೆಗೆ ಬರುವ ಕರೆಂಟನ್ನೇ ನಿಲ್ಲಿಸುವ ಎಂಸಿಬಿಯನ್ನೂ ಇಳಿಸಿ. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ.

2. ಉರಿಯುತ್ತಿದ್ದ ದೀಪವಾದರೆ 10–15 ನಿಮಿಷ ಆರಲು ಬಿಡಿ. ಬಿಸಿ ಗಾಜು ಕೈ ಸುಟ್ಟರೆ ಕೈ ತಾನಾಗಿ ಬಿಟ್ಟುಬಿಡುತ್ತದೆ, ದೀಪ ಕೆಳಗೆ ಬೀಳುತ್ತದೆ. ಬಿಸಿಯಿದ್ದಾಗ ಒಡೆದರೆ ಹೊರಬೀಳುವ ಪಾದರಸದ ಆವಿಯೂ ಹೆಚ್ಚು.

3. ಕೆಳಗೆ ನೆಲದ ಮೇಲೆ, ಅಥವಾ ಹಾಸಿಗೆಯ ಮೇಲೆ ಎರಡು ಪದರ ಹಳೆಯ ದಿನಪತ್ರಿಕೆ ಹಾಸಿ. ಅಕಸ್ಮಾತ್ ಒಡೆದರೂ ಬಹುಪಾಲು ಕಾಗದದ ಮೇಲೇ ಬೀಳುತ್ತದೆ.

4. ಟ್ಯೂಬನ್ನು ಎರಡೂ ತುದಿಯ ಲೋಹದ ಟೊಪ್ಪಿಗಳ ಹತ್ತಿರ ಹಿಡಿಯಿರಿ, ನಡುವೆ ಹಿಡಿಯಬೇಡಿ. ಕಾಲು ಸುತ್ತು ತಿರುಗಿಸಿದರೆ ಪಿನ್ನುಗಳು ಹೋಲ್ಡರಿನ ಸೀಳಿಗೆ ಸರಿಯಾಗಿ ಬರುತ್ತವೆ, ಮೆಲ್ಲಗೆ ಕೆಳಕ್ಕೆಳೆದರೆ ಜಾರಿ ಬರುತ್ತದೆ. ಸ್ಪ್ರಿಂಗ್ ಇರುವ ಹೋಲ್ಡರ್ ಆದರೆ ಒಂದು ಬದಿಗೆ ಒತ್ತಿ ಇನ್ನೊಂದು ತುದಿಯನ್ನು ಮೊದಲು ಬಿಡಿಸಬೇಕು. ಒಂದು ತುದಿ ಬಂದು ಇನ್ನೊಂದು ಸಿಕ್ಕಿಕೊಂಡರೆ ಟ್ಯೂಬನ್ನು ಹಿಡಿಕೆಯಂತೆ ಬಳಸಿ ತಿರುಚಬೇಡಿ, ಟೊಪ್ಪಿ ಕಿತ್ತುಬಂದು ಗಾಜು ಸೀಳುತ್ತದೆ. ಬಂದ ತುದಿಯನ್ನು ಮತ್ತೆ ಕೂರಿಸಿ, ಎರಡೂ ಕೈಯಿಂದ ಒಟ್ಟಿಗೆ ತಿರುಗಿಸಿ.

5. ಸಿಎಫ್‌ಎಲ್ ಬಲ್ಬನ್ನು ಪ್ಲಾಸ್ಟಿಕ್ ಬುಡದಲ್ಲೇ ಹಿಡಿಯಬೇಕು. ಗಾಜಿನ ಸುರುಳಿ ಹಿಡಿದು ತಿರುಗಿಸಿದರೆ ಅದು ಬುಡದಿಂದ ಕಳಚಿಕೊಳ್ಳುತ್ತದೆ, ಕಳಚುವ ಜಾಗದಲ್ಲೇ ಒಡೆಯುತ್ತದೆ. ಪಿನ್ ಹೋಲ್ಡರಾದರೆ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿ. ತಿರುಪಿನದಾದರೆ ಎಡಕ್ಕೆ ತಿರುಗಿಸಿದರೆ ಸಾಕು. ಬುಡ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಅದು ಒಳಗಿನ ಸರ್ಕ್ಯೂಟಿನದು, ಪಾದರಸದ್ದಲ್ಲ. ಪಾದರಸದ ಆವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬುಡವನ್ನು ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು.

ಏಣಿಯ ಮೇಲಿದ್ದವರು ಟ್ಯೂಬನ್ನು ಕೆಳಗಿದ್ದವರ ಕೈಗೆ ಕೊಡುವಾಗ ನೆಟ್ಟಗೆ ಕೊಡಬೇಕು, ಅವರು ಕೆಳ ತುದಿಯನ್ನು ಹಿಡಿದೆ ಎಂದು ಬಾಯಿಬಿಟ್ಟು ಹೇಳಿದ ಮೇಲೇ ಕೈ ಬಿಡಬೇಕು.

ಕಟ್ಟಿಡುವುದು

ಹೊಸದರ ಪೆಟ್ಟಿಗೆ ಸಿಕ್ಕರೆ ಬೇರೆ ಯೋಚನೆ ಬೇಡ. ಸಿಗದಿದ್ದರೆ ಟ್ಯೂಬಿಗೆ ಪಿವಿಸಿ ಪೈಪ್ ತುಂಬ ಒಳ್ಳೆಯದು. ಹಳೆಯ ದಪ್ಪ ಟ್ಯೂಬಿನ ಅಡ್ಡಳತೆ 38 ಮಿಲಿಮೀಟರ್, ಅದಕ್ಕೆ 50 ಮಿ.ಮೀ. ಪೈಪ್, 26 ಮಿ.ಮೀ. ತೆಳು ಟ್ಯೂಬಿಗೆ 40 ಮಿ.ಮೀ. ಪೈಪ್. ನಾಲ್ಕಡಿ ಟ್ಯೂಬಿಗೆ ಪೈಪ್ 1.3 ಮೀಟರ್ ಉದ್ದ ಇರಲಿ. ಒಂದು ತುದಿಗೆ ಹಳೆ ಬಟ್ಟೆ ತುರುಕಿ ಮುಚ್ಚಿ, ಟ್ಯೂಬನ್ನು ಜಾರಿಸಿ, ಇನ್ನೊಂದು ತುದಿಗೂ ಬಟ್ಟೆ ತುರುಕಿ ಮುಚ್ಚಿ. ಅಲ್ಲಾಡಿಸಿದರೆ ಒಳಗೆ ಕಟಕಟ ಸದ್ದಾಗಬಾರದು. ಪೈಪೂ ಇಲ್ಲವೆಂದರೆ ದಿನಪತ್ರಿಕೆಯನ್ನು ಏಳೆಂಟು ಸುತ್ತು ಸುತ್ತಿ, ಅದರ ಮೇಲೆ ಅಲೆಯಲೆ ರಟ್ಟು ಸುತ್ತಿ ದಾರ ಕಟ್ಟಿ. ಗಾಜಿಗೆ ನೇರವಾಗಿ ಟೇಪ್ ಅಂಟಿಸಬೇಡಿ, ನಾಲ್ಕೈದು ಟ್ಯೂಬುಗಳನ್ನು ಒಟ್ಟಿಗೆ ಟೇಪ್ ಸುತ್ತಿ ಕಟ್ಟುವುದಂತೂ ಬೇಡವೇ ಬೇಡ. ಪಡೆದುಕೊಂಡವರು ಟೇಪ್ ಬಿಡಿಸುವಾಗ ಅವು ಒಡೆಯುತ್ತವೆ. ಗಾಜಿಗೆ ಗಾಜು ತಾಗಬಾರದು ಎಂಬುದೊಂದೇ ನಿಯಮ.

ಸಿಎಫ್‌ಎಲ್ ಬಲ್ಬುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಗಟ್ಟಿ ಡಬ್ಬದಲ್ಲಿ ತುಂಬಿ. ಸಡಿಲ ಪ್ಲಾಸ್ಟಿಕ್ ಚೀಲದಲ್ಲಿ ನೇತುಹಾಕಿಟ್ಟರೆ ಒಂದು ದಿನ ಯಾರೋ ಕಸ ಎಂದುಕೊಂಡು ಎಸೆಯುತ್ತಾರೆ.

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಕೆಟ್ಟ ಟ್ಯೂಬ್‌ಲೈಟ್, ಒಳಗೆ ಪಾದರಸ ಇದೆ, ಒಡೆಯಬೇಡಿ.’ ಜೊತೆಗೆ ತಾರೀಖು. ಮನೆಗೆಲಸಕ್ಕೆ ಬರುವವರಿಗೆ, ಮಕ್ಕಳಿಗೆ, ಮುಂದೆ ಅದನ್ನು ಎತ್ತುವವರಿಗೆ ಈ ಒಂದು ಸಾಲು ಸಾಕು.

ಇಡುವ ಜಾಗ ಮುಖ್ಯ. ಗೋಡೆಗೆ ಒರಗಿಸಿದ್ದು ಜಾರುತ್ತದೆ, ಬೀರುವಿನ ಮೇಲಿಟ್ಟದ್ದು ಉರುಳುತ್ತದೆ. ಮಂಚದ ಕೆಳಗೆ ಗೋಡೆಯಂಚಿಗೆ ಮಲಗಿಸಿಡಿ, ಇಲ್ಲವೇ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿಹಾಕಿ. ಮಳೆ ತಾಗುವ ಜಾಗ ಬೇಡ, ನೆಂದ ರಟ್ಟಿಗೆ ಬಲವಿಲ್ಲ. ಇಡಿಯಾದ ದೀಪವನ್ನು ಎಷ್ಟು ತಿಂಗಳು ಇಟ್ಟರೂ ಅದರಿಂದ ಆವಿ ಹೊರಬರುವುದಿಲ್ಲ, ಆದರೆ ಇಟ್ಟಷ್ಟು ದಿನವೂ ಒಡೆಯುವ ಸಾಧ್ಯತೆ ಇದ್ದೇ ಇರುತ್ತದೆ. ನಾಲ್ಕಾರು ಸೇರಿದ ಮೇಲೆ ಒಪ್ಪಿಸಿಬಿಡಿ.

ಯಾರಿಗೆ ಕೊಡುವುದು

ಸ್ಥಳೀಯ ಆಡಳಿತದ ಇ-ತ್ಯಾಜ್ಯ ಅಥವಾ ಮನೆಬಳಕೆಯ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರ, ಹಳೆಯ ದೀಪ ವಾಪಸು ತೆಗೆದುಕೊಳ್ಳುವ ಅಂಗಡಿ, ತಯಾರಕ ಕಂಪನಿಯ ವಾಪಸಾತಿ ವ್ಯವಸ್ಥೆ, ಪರವಾನಗಿ ಇರುವ ಮರುಬಳಕೆ ಘಟಕ. ದಾರಿ ಇವಿಷ್ಟೇ. ನಿಯಮ ಒಂದೊಂದು ಕಡೆ ಒಂದೊಂದು ಥರ. ಹೊರಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಉದ್ದದ ಟ್ಯೂಬ್ ತೆಗೆದುಕೊಳ್ಳುತ್ತೀರಾ, ಒಡೆದದ್ದನ್ನೂ ತೆಗೆದುಕೊಳ್ಳುತ್ತೀರಾ, ತೆಗೆದುಕೊಂಡ ಮೇಲೆ ಯಾವ ಘಟಕಕ್ಕೆ ಕಳಿಸುತ್ತೀರಿ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ವಿಚಾರಿಸಿ. ಎಷ್ಟೋ ಇ-ತ್ಯಾಜ್ಯ ಪೆಟ್ಟಿಗೆಗಳು ಮೊಬೈಲ್, ಚಾರ್ಜರ್‌ಗಳಿಗೆ ಮಾತ್ರ. ಅದರ ಕಿಂಡಿಯಲ್ಲಿ ಬಲ್ಬ್ ಹಾಕಿದರೆ ಒಳಗೆ ಬಿದ್ದು ಒಡೆಯುತ್ತದೆ.

ಗುಜರಿಯವರಿಗೆ ಕೊಡಬೇಡಿ. ಟ್ಯೂಬಿನಲ್ಲಿ ಅವರಿಗೆ ಬೇಕಾದದ್ದು ತುದಿಯ ಅಲ್ಯೂಮಿನಿಯಂ ಟೊಪ್ಪಿ ಮತ್ತು ಹಿತ್ತಾಳೆ ಪಿನ್ನುಗಳು ಮಾತ್ರ. ಅವುಗಳಿಗಾಗಿ ಗಾಜನ್ನು ಒಡೆಯಲೇಬೇಕು, ಒಡೆಯುವವರ ಮೂಗಿಗೆ ಬಟ್ಟೆಯೂ ಇರುವುದಿಲ್ಲ. ಖಾಲಿ ಬಾಟಲಿಗಳ ಜೊತೆ ಗಾಜಿನ ಮರುಬಳಕೆಗೂ ಹಾಕಬಾರದು, ಒಂದು ಟ್ಯೂಬಿನ ಪುಡಿ ಇಡೀ ಗಾಜಿನ ರಾಶಿಯನ್ನು ಕೆಡಿಸುತ್ತದೆ. ಸುಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು, ಪಾದರಸವೆಲ್ಲ ಒಮ್ಮೆಗೇ ಆವಿಯಾಗುತ್ತದೆ. ಗುಂಡಿ ತೋಡಿ ಹೂಳುವುದು, ಹಾಳು ಬಾವಿಗೆ ಎಸೆಯುವುದು ಅಂತರ್ಜಲಕ್ಕೆ ಮಾಡುವ ದ್ರೋಹ. ಜಾಗ ಉಳಿಸಲೆಂದು ಚೀಲದೊಳಗೆ ಒಡೆದು ತುಂಬುವುದನ್ನೂ ಕೆಲವರು ಮಾಡುತ್ತಾರೆ. ಚೀಲ ಹರಿಯುತ್ತದೆ, ಒಡೆದವರೇ ಮೊದಲು ಉಸಿರಾಡುತ್ತಾರೆ.

ಸಂಗ್ರಹ ಕೇಂದ್ರ ಹತ್ತಿರದಲ್ಲಿಲ್ಲದವರು ಅಕ್ಕಪಕ್ಕದ ಮನೆಗಳೊಂದಿಗೆ ಸೇರಿ ಒಟ್ಟು ಮಾಡುವುದು ಒಳ್ಳೆಯ ಉಪಾಯ. ಒಂದು ಬಲ್ಬಿಗಾಗಿ ಯಾರೂ ಬರುವುದಿಲ್ಲ, ಐವತ್ತಿದ್ದರೆ ಬರುತ್ತಾರೆ. ಹಾಗೆ ಒಟ್ಟು ಮಾಡುವಾಗ ಮುಚ್ಚಳವಿರುವ ಒಂದು ಗಟ್ಟಿ ಪೆಟ್ಟಿಗೆ, ಬೀಗ, ಮತ್ತು ಅದರ ಜವಾಬ್ದಾರಿ ಹೊತ್ತ ಒಬ್ಬರು ಇರಲೇಬೇಕು. ಒಡೆದದ್ದನ್ನು ಆ ಪೆಟ್ಟಿಗೆಗೆ ಹಾಕಬಾರದು.

ಸಾಗಿಸುವಾಗ ಕಾರಿನಲ್ಲಾದರೆ ಡಿಕ್ಕಿಯಲ್ಲಿ, ಅಥವಾ ಹಿಂದಿನ ಸೀಟಿನ ಕೆಳಗೆ ಮಲಗಿಸಿ. ಮೇಲೆ ಏನನ್ನೂ ಹೇರಬೇಡಿ. ದ್ವಿಚಕ್ರ ವಾಹನದಲ್ಲಿ ಅಡ್ಡಲಾಗಿ ಚಾಚಿಕೊಂಡು ನಾಲ್ಕಡಿ ಟ್ಯೂಬ್ ಒಯ್ಯುವುದು ಬೇಡ. ಒಯ್ಯಲೇಬೇಕಾದರೆ ಪೈಪಿನೊಳಗಿಟ್ಟು ನೆಟ್ಟಗೆ ಕಟ್ಟಿ.

ಮರುಬಳಕೆ ಘಟಕದಲ್ಲಿ ಮುಚ್ಚಿದ ಯಂತ್ರದೊಳಗೆ, ಗಾಳಿ ಹೊರಬರದಂತೆ ಹೀರುತ್ತಲೇ ದೀಪವನ್ನು ಒಡೆಯುತ್ತಾರೆ ಅಥವಾ ತುದಿ ಕತ್ತರಿಸಿ ಪುಡಿಯನ್ನು ಊದಿ ತೆಗೆಯುತ್ತಾರೆ. ಪುಡಿಯನ್ನು ಕಾಯಿಸಿದಾಗ ಪಾದರಸ ಆವಿಯಾಗುತ್ತದೆ (ಅದರ ಕುದಿಬಿಂದು ಸುಮಾರು 357 ಡಿಗ್ರಿ ಸೆಲ್ಸಿಯಸ್), ತಣಿಸಿದಾಗ ಮತ್ತೆ ದ್ರವವಾಗಿ ಸಿಗುತ್ತದೆ. ಗಾಜು, ಅಲ್ಯೂಮಿನಿಯಂ, ಹಿತ್ತಾಳೆ ಬೇರೆಯಾಗುತ್ತವೆ. ಹೊಸ ಬಗೆಯ ಟ್ಯೂಬಿನ ಪುಡಿಯಲ್ಲಿ ಇಟ್ರಿಯಮ್, ಯುರೋಪಿಯಮ್‌ನಂಥ ದುರ್ಲಭ ಧಾತುಗಳೂ ಇವೆ. ಇಡಿಯಾಗಿ ಬಂದ ದೀಪದಿಂದ ಮಾತ್ರ ಇದೆಲ್ಲ ಸರಿಯಾಗಿ ಸಿಗುತ್ತದೆ.

ಒಡೆದೇ ಹೋದರೆ

ಒಳಗಿನ ಒತ್ತಡ ಕಡಿಮೆಯಾದ್ದರಿಂದ ಟ್ಯೂಬ್ ‘ಢಬ್’ ಎಂದು ಒಡೆಯುತ್ತದೆ, ಚೂರುಗಳು ಎರಡು ಮೂರು ಮೀಟರ್ ದೂರಕ್ಕೂ ಚಿಮ್ಮುತ್ತವೆ. ಆ ಕ್ಷಣ ಕೈ ತಾನಾಗಿ ಪೊರಕೆಯ ಕಡೆ ಹೋಗುತ್ತದೆ. ಅದೇ ಮೊದಲ ತಪ್ಪು. ಪೊರಕೆ ಪುಡಿಯನ್ನು ಗಾಳಿಗೆ ಎಬ್ಬಿಸುತ್ತದೆ, ಕಡ್ಡಿಗಳ ನಡುವೆ ಉಳಿಸಿಕೊಂಡು ಮನೆಯಿಡೀ ಹರಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಪುಡಿಯನ್ನು ಹೀರಿ ಬಿಸಿ ಗಾಳಿಯ ಜೊತೆ ಹಿಂದಿನಿಂದ ಹೊರಗೆ ಊದುತ್ತದೆ.

ಹೀಗೆ ಮಾಡಿ. ಮಕ್ಕಳು, ಗರ್ಭಿಣಿಯರು, ಸಾಕುಪ್ರಾಣಿಗಳು ಮೊದಲು ಕೋಣೆಯಿಂದ ಹೊರಗೆ ಹೋಗಲಿ; ಚೂರು, ಪುಡಿ ತುಳಿದುಕೊಂಡು ಹೋಗಬಾರದು. ಹೊರಗಿನ ಕಿಟಕಿ, ಬಾಗಿಲು ತೆರೆಯಿರಿ, ಮನೆಯೊಳಗಿನ ಇತರ ಕೋಣೆಗಳಿಗೆ ಹೋಗುವ ಬಾಗಿಲು ಮುಚ್ಚಿ. ಎಸಿ, ಫ್ಯಾನ್ ಆರಿಸಿ. ಎಲ್ಲರೂ ಹೊರಗೆ ಬಂದು 10 ನಿಮಿಷ ಕಾಯಿರಿ. ಆ ಹೊತ್ತಿನಲ್ಲಿ ಬೇಕಾದ್ದನ್ನು ಹೊಂದಿಸಿಕೊಳ್ಳಿ: ರಬ್ಬರ್ ಕೈಗವಸು, ಎರಡು ಗಟ್ಟಿ ರಟ್ಟಿನ ತುಂಡು, ಅಗಲವಾದ ಅಂಟುಟೇಪ್, ಒದ್ದೆ ಮಾಡಿದ ಕಾಗದ ಅಥವಾ ಬಟ್ಟೆಯ ತುಂಡುಗಳು, ಲೋಹದ ಮುಚ್ಚಳದ ಒಂದು ಗಾಜಿನ ಜಾಡಿ.

ಜಾಡಿ ಯಾಕೆಂದರೆ ಪಾದರಸದ ಆವಿ ತೆಳು ಪ್ಲಾಸ್ಟಿಕ್ ಚೀಲದ ಮೂಲಕವೂ ಹೊರಬರುತ್ತದೆ, ಗಾಜು ಮತ್ತು ಲೋಹದ ಮೂಲಕ ಬರುವುದಿಲ್ಲ. ಜಾಡಿ ಸಿಗದಿದ್ದರೆ ಎರಡು ದಪ್ಪ ಚೀಲ ಒಂದರೊಳಗೊಂದು ಹಾಕಿ ಬಿಗಿಯಾಗಿ ಕಟ್ಟಿ, ಕೂಡಲೇ ಮನೆಯಿಂದ ಹೊರಗಿಡಿ.

ದೊಡ್ಡ ಚೂರುಗಳನ್ನು ಕೈಗವಸು ಹಾಕಿದ ಕೈಯಿಂದ ಆರಿಸಿ ಜಾಡಿಗೆ ಹಾಕಿ. ಒಂದು ರಟ್ಟನ್ನು ಮೊರದಂತೆ ಹಿಡಿದು, ಇನ್ನೊಂದರಿಂದ ಮೆಲ್ಲಗೆ ತಳ್ಳಿ ಸಣ್ಣ ಚೂರು ಮತ್ತು ಪುಡಿ ಒಟ್ಟು ಮಾಡಿ. ಉಳಿದದ್ದರ ಮೇಲೆ ಟೇಪಿನ ಅಂಟು ಬದಿಯನ್ನು ಒತ್ತಿ ಎತ್ತಿ. ನೆಲದ ಕಲ್ಲುಗಳ ಸಂದಿನಲ್ಲಿ ಕೂತ ಬಿಳಿ ಪುಡಿ ಹೀಗೇ ಬರುವುದು. ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ರಟ್ಟು, ಟೇಪ್, ಕಾಗದ, ಕೈಗವಸು ಎಲ್ಲವೂ ಚೂರುಗಳ ಜೊತೆಯೇ ಹೋಗಬೇಕು. ಒರೆಸಿದ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಬೇಡಿ. ಮುಚ್ಚಳ ಹಾಕಿ, ಮೇಲೆ ‘ಒಡೆದ ಟ್ಯೂಬ್, ಪಾದರಸ’ ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಹೊರಗಿಡಿ. ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಕೋಣೆಯ ಕಿಟಕಿ ಇನ್ನೂ ಕೆಲವು ಗಂಟೆ ತೆರೆದೇ ಇರಲಿ.

ಇಷ್ಟು ಮಾಡಿದರೆ ಸಾಕೇ ಎಂದು ಅನುಮಾನವೇ? ಲೆಕ್ಕ ಹಾಕಿ ನೋಡಿ. ಹತ್ತಡಿಗೆ ಹನ್ನೆರಡಡಿಯ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಒಂದು ಸಿಎಫ್‌ಎಲ್‌ನ 4 ಮಿಲಿಗ್ರಾಂ ಪಾದರಸವೆಲ್ಲ ಆವಿಯಾಗಿ ಅಲ್ಲೇ ನಿಂತರೆ ಘನ ಮೀಟರಿಗೆ ಸುಮಾರು 118 ಮೈಕ್ರೋಗ್ರಾಂ ಆಗುತ್ತದೆ. ವರ್ಷವಿಡೀ ಉಸಿರಾಡುವ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ 1 ಮೈಕ್ರೋಗ್ರಾಂ. ವಾಸ್ತವದಲ್ಲಿ ಅಷ್ಟೂ ಒಮ್ಮೆಗೇ ಆವಿಯಾಗುವುದಿಲ್ಲ. ಬಳಸಿದ ದೀಪದಲ್ಲಿ ಬಹುಪಾಲು ಪಾದರಸ ಪುಡಿಗೂ ಗಾಜಿಗೂ ಅಂಟಿಕೊಂಡಿದ್ದು, ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಒಡೆದ ಕೂಡಲೇ ಬರುವ ಆವಿಯನ್ನು ತೆರೆದ ಕಿಟಕಿ ಹೊರಹಾಕುತ್ತದೆ. ಆಮೇಲೆ ಬರುವುದನ್ನು ತಪ್ಪಿಸಲು ಚೂರು ಮತ್ತು ಪುಡಿಯೇ ಕೋಣೆಯಿಂದ ಹೊರಗೆ ಹೋಗಬೇಕು. ಕಿಟಕಿ ತೆರೆದು ಚೂರುಗಳನ್ನು ಮನೆಯೊಳಗಿನ ಕಸದ ಬುಟ್ಟಿಗೇ ಹಾಕಿದರೆ ಮಾಡಿದ ಕೆಲಸ ಅರ್ಧಕ್ಕೆ ನಿಂತಂತೆ.

ಜಮಖಾನ, ಹಾಸಿಗೆ, ಬಟ್ಟೆ

ಗಟ್ಟಿ ನೆಲ ಸುಲಭ, ತೊಂದರೆ ಇರುವುದು ನೂಲಿನ ಎಳೆಗಳಲ್ಲಿ. ಜಮಖಾನದ ಮೇಲೆ ಒಡೆದರೆ ಟೇಪಿನಿಂದಲೇ ಎತ್ತಬೇಕು, ಜಾಡಿಸಬಾರದು, ಕೊಡವಬಾರದು. ಎಷ್ಟು ಎತ್ತಿದರೂ ಪುಡಿ ಕಾಣುತ್ತಿದ್ದರೆ, ಮತ್ತು ಅದು ಹರಿದಾಡುವ ಕೂಸಿರುವ ಮನೆಯಾದರೆ, ಆ ಭಾಗವನ್ನು ಕತ್ತರಿಸಿ ತೆಗೆಯುವುದೇ ಲೇಸು. ನೆಲಕ್ಕೆ ಮುಖವಿಟ್ಟು ಆಡುವ ಮಗು ಉಸಿರಾಡುವುದು ಆ ಎಳೆಗಳ ಮೇಲಿನ ಗಾಳಿಯನ್ನೇ. ಮುಂದೆ ಅಲ್ಲಿ ವ್ಯಾಕ್ಯೂಮ್ ಬಳಸುವಾಗ ಮೊದಲ ಕೆಲವು ಸಲ ಕಿಟಕಿ ತೆರೆದು, ಮುಗಿದ ಮೇಲೂ ಗಾಳಿಯಾಡಲು ಬಿಟ್ಟು, ಅದರ ಚೀಲವನ್ನು ಕೂಡಲೇ ಹೊರಗೆ ಖಾಲಿ ಮಾಡಿ.

ಚೂರು ಅಥವಾ ಪುಡಿ ನೇರವಾಗಿ ಬಿದ್ದ ಹೊದಿಕೆ, ದಿಂಬಿನ ಚೀಲ, ಬಟ್ಟೆಗಳನ್ನು ವಾಷಿಂಗ್ ಮೆಷಿನ್ನಿಗೆ ಹಾಕಬಾರದು. ಗಾಜಿನ ಮೊನೆ ಬಟ್ಟೆಯಲ್ಲಿ ಉಳಿಯುತ್ತದೆ, ಪಾದರಸ ಯಂತ್ರಕ್ಕೂ ಚರಂಡಿಗೂ ಹೋಗುತ್ತದೆ. ಅವನ್ನು ಬಿಡುವುದೇ ಸರಿ. ಒಡೆದಾಗ ನೀವು ತೊಟ್ಟಿದ್ದ, ಆದರೆ ಪುಡಿ ತಾಗದ ಬಟ್ಟೆಯನ್ನು ಮಾಮೂಲಿಯಂತೆ ಒಗೆಯಬಹುದು. ಚಪ್ಪಲಿಯ ಅಡಿಯನ್ನು ಒದ್ದೆ ಕಾಗದದಿಂದ ಒರೆಸಿ, ಆ ಕಾಗದವನ್ನೂ ಜಾಡಿಗೆ ಹಾಕಿ. ಅಡುಗೆಮನೆಯಲ್ಲಿ ಒಡೆದಿದ್ದರೆ ತೆರೆದಿಟ್ಟ ಆಹಾರವನ್ನೆಲ್ಲ ಬಿಸಾಡಿ. ಪಾದರಸಕ್ಕಿಂತ ಹೆಚ್ಚಾಗಿ ಕಣ್ಣಿಗೆ ಕಾಣದ ಗಾಜಿನ ಪುಡಿಗಾಗಿ.

ಗಾಜು ಚುಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗೆ ಚೂರು ಉಳಿದ ಅನುಮಾನವಿದ್ದರೆ ವೈದ್ಯರಿಗೆ ತೋರಿಸಿ. ಕಣ್ಣಿಗೆ ಪುಡಿ ಹಾರಿದರೆ ಉಜ್ಜದೆ 15 ನಿಮಿಷ ಶುದ್ಧ ನೀರು ಹಾಯಿಸಿ, ನಂತರ ವೈದ್ಯರ ಬಳಿ ಹೋಗಿ. ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಹಲವು ಟ್ಯೂಬುಗಳು ಒಡೆದು, ಅಲ್ಲಿದ್ದವರಿಗೆ ಕೆಮ್ಮು, ಎದೆ ಬಿಗಿತ, ಉಸಿರಾಟದ ತೊಂದರೆ ಕಂಡರೆ ತಡಮಾಡಬೇಡಿ. ಪಾದರಸದ ದೀಪ ಒಡೆದಿತ್ತು ಎಂದು ವೈದ್ಯರಿಗೆ ಮೊದಲೇ ತಿಳಿಸಿ.

ಉಳಿದ ಬಿಡಿಭಾಗಗಳು

ಸ್ಟಾರ್ಟರ್ ಮತ್ತು ಎಲೆಕ್ಟ್ರಾನಿಕ್ ಚೋಕ್ ಇ-ತ್ಯಾಜ್ಯಕ್ಕೆ. ಭಾರದ ಹಳೆಯ ಚೋಕ್‌ನಲ್ಲಿ ಇರುವುದು ಕಬ್ಬಿಣದ ತಗಡು ಮತ್ತು ತಾಮ್ರದ ಸುರುಳಿ, ಅದನ್ನು ಗುಜರಿಗೆ ಕೊಡಬಹುದು. ಆದರೆ 1980ಕ್ಕಿಂತ ಹಿಂದಿನ ಪಟ್ಟಿಯಲ್ಲಿ ಡಬ್ಬಿಯಂಥ ಕೆಪಾಸಿಟರ್ ಇದ್ದು, ಅದರಿಂದ ಎಣ್ಣೆ ಜಿನುಗಿದ ಗುರುತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಆ ಕಾಲದ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಬಳಸುತ್ತಿದ್ದರು. ಕೈಗವಸು ಹಾಕಿ ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ಎಂದು ಹೇಳಿಯೇ ಒಪ್ಪಿಸಿ.

ಕೆಟ್ಟದ್ದರ ಜಾಗಕ್ಕೆ ಮತ್ತೆ ಫ್ಲೋರೆಸೆಂಟ್ ತರುವ ಅಗತ್ಯ ಈಗಿಲ್ಲ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದದ ದೇಶಗಳು, ಸಾಮಾನ್ಯ ಬೆಳಕಿನ ಫ್ಲೋರೆಸೆಂಟ್ ದೀಪಗಳ ತಯಾರಿಕೆ ಮತ್ತು ಆಮದು-ರಫ್ತನ್ನು ಹಂತಹಂತವಾಗಿ 2027ರ ಹೊತ್ತಿಗೆ ನಿಲ್ಲಿಸಲು 2023ರಲ್ಲಿ ಒಪ್ಪಿಕೊಂಡಿವೆ. ಅಂದರೆ ಮನೆಮನೆಯಲ್ಲಿ ಉಳಿದಿರುವ ಟ್ಯೂಬುಗಳೆಲ್ಲ ಮುಂದಿನ ಕೆಲವು ವರ್ಷಗಳಲ್ಲಿ ಹೊರಬೀಳುತ್ತವೆ.

ಹಳೆಯ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕುವವರು ಅದರ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯೇ ಹಾಕಬೇಕು. ಕೆಲವು ಟ್ಯೂಬುಗಳಿಗೆ ಹಳೆಯ ಸ್ಟಾರ್ಟರ್ ತೆಗೆದು ಜೊತೆಗೆ ಬರುವ ಎಲ್‌ಇಡಿ ಸ್ಟಾರ್ಟರ್ ಹಾಕಬೇಕು, ಕೆಲವಕ್ಕೆ ಚೋಕನ್ನೇ ತೆಗೆದು ನೇರ ವೈರಿಂಗ್ ಮಾಡಬೇಕು. ನೇರ ವೈರಿಂಗ್ ಮಾಡಿದ ಪಟ್ಟಿಗೆ ಮುಂದೆ ಯಾರಾದರೂ ಫ್ಲೋರೆಸೆಂಟ್ ಟ್ಯೂಬ್ ಹಾಕಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು, ಟ್ಯೂಬ್ ಅಲ್ಲೇ ಒಡೆಯಲೂಬಹುದು. ಆದ್ದರಿಂದ ‘ಎಲ್‌ಇಡಿ ಮಾತ್ರ’ ಎಂದು ಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಡಿ.